ಮನೆಯಲ್ಲೇ ಕೆಲಸ, ಮನೆಯಲ್ಲೇ ಪಾಠ: ಲೆಕ್ಕ ತಪ್ಪುವುದು ಎಲ್ಲಿ?

ವರ್ಕ್ ಫ್ರಮ್ ಹೋಮ್ ಬಗ್ಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಬ್ರಿಟನ್‌ನಲ್ಲಿ ಹೊಸ ನಿಯಮ ಬಂತು. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ನೌಕರರು ಕೆಲಸದ ವೇಳೆ ಅಥವಾ ಜಾಗ ಬದಲಿಸಿಕೊಡಿ ಎಂದು ಕೇಳಬಹುದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಕಂಪನಿ, 2025ರ ಜನವರಿಯಿಂದ ವಾರಕ್ಕೆ ಐದೂ ದಿನ ಆಫೀಸಿಗೆ ಬನ್ನಿ ಎಂದಿತು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ತನ್ನ ನೌಕರರಿಗೂ ಅದನ್ನೇ ಹೇಳಿತು. ಮನೆಯಿಂದ ಮಾಡಿದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂದು ಒಂದು ಅಧ್ಯಯನ ಹೇಳುತ್ತದೆ. ಮನೆಯಿಂದ ಕೆಲಸ ಎಂದರೆ ಮಗು ನೋಡಿಕೊಳ್ಳುವ ಏರ್ಪಾಡು ಅಲ್ಲ ಎಂದು ಕಂಪನಿಯ ಕರಾರು ಹೇಳುತ್ತದೆ.

ಇದರ ನಡುವೆ ಸಿಕ್ಕಿಕೊಂಡವರು ಐದಾರು ವರ್ಷದ ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿಕೊಡಬೇಕು ಎಂದುಕೊಂಡ ಅಪ್ಪ ಅಮ್ಮಂದಿರು. ಹೇಗೂ ಮನೆಯಲ್ಲೇ ಇರ್ತೀರಿ, ಎರಡೂ ಆಗುತ್ತೆ ಅಲ್ವಾ ಎಂದು ನೆಂಟರು, ಸ್ನೇಹಿತರು, ಕೆಲವೊಮ್ಮೆ ಮ್ಯಾನೇಜರ್ ಕೂಡ ಕೇಳುತ್ತಾರೆ. ಆದರೆ ಮನೆಯಲ್ಲಿ ಇರುವುದೇ ಬೇರೆ, ಬಿಡುವಾಗಿ ಇರುವುದೇ ಬೇರೆ. ಎರಡನ್ನೂ ತೂಗಿಸಿಕೊಂಡು ಹೋಗಲು ಆಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಒಂದೇ ವಿಷಯ: ಕೆಲಸದ ಗಂಟೆಗಳು ಯಾರ ಕೈಯಲ್ಲಿವೆ? ಮನೆಯೋ ಆಫೀಸೋ ಎಂಬ ಜಗಳದಲ್ಲಿ ಈ ಪ್ರಶ್ನೆಯೇ ಮುಚ್ಚಿಹೋಗುತ್ತಿದೆ.

ಮೂರು ಕೆಲಸಕ್ಕೆ ಒಂದೇ ಹೆಸರು

ಗೊಂದಲಕ್ಕೆ ಮೊದಲ ಕಾರಣ 2020ರ ನೆನಪು. ಆ ವರ್ಷ ಕೋವಿಡ್‌ನಿಂದಾಗಿ 190ರಷ್ಟು ದೇಶಗಳಲ್ಲಿ ಶಾಲೆಗಳು ಮುಚ್ಚಿದವು. ಯುನೆಸ್ಕೋ ಲೆಕ್ಕದ ಪ್ರಕಾರ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಮನೆಯಲ್ಲಿ ಉಳಿದರು. ಆಗ ಮನೆಮನೆಯಲ್ಲಿ ನಡೆದದ್ದನ್ನೇ ತುಂಬಾ ಜನ ಹೋಮ್ ಸ್ಕೂಲಿಂಗ್ ಎಂದುಕೊಂಡರು. ನಿಜಕ್ಕೂ ಅದು ಶಾಲೆಯ ಪಾಠವನ್ನೇ ಪರದೆಗೆ ತಂದ ತುರ್ತು ಏರ್ಪಾಡು. ಏನು ಕಲಿಸಬೇಕು, ಯಾವಾಗ, ಎಷ್ಟು ಹೊತ್ತು ಎಂಬುದನ್ನೆಲ್ಲ ಶಾಲೆಯೇ ತೀರ್ಮಾನಿಸುತ್ತಿತ್ತು. ಹೋಮ್ ಸ್ಕೂಲಿಂಗ್‌ನಲ್ಲಿ, ಅಂದರೆ ಇಲ್ಲಿ ಹೇಳುವ ಮನೆಪಾಠದಲ್ಲಿ, ಆ ತೀರ್ಮಾನ ಮನೆಯವರದು.

ಆನ್‌ಲೈನ್ ಕ್ಲಾಸ್ ಇದ್ದರೆ ಅಪ್ಪ ಅಮ್ಮನಿಗೆ ಬಿಡುವು ಸಿಗುತ್ತದೆ ಎಂಬ ನಂಬಿಕೆಯೂ ಇದೆ. ಆರು ವರ್ಷದ ಮಗುವನ್ನು ಪರದೆಯ ಮುಂದೆ ಕೂರಿಸಿ ನೋಡಿ. ಹದಿನಾಲ್ಕನೇ ಪುಟ ತೆಗೆಯಿರಿ ಎಂದು ಟೀಚರ್ ಹೇಳುತ್ತಾರೆ. ಮಗು 41ನೇ ಪುಟ ತೆಗೆಯುತ್ತದೆ. ಇಲ್ಲಿ ಆ ಚಿತ್ರ ಇಲ್ಲವಲ್ಲ ಎಂದು ಹೇಳಲು ಹೋದರೆ ಮ್ಯೂಟ್ ಆಗಿದೆ. ಮ್ಯೂಟ್ ತೆಗೆಯಲು ಹೋಗಿ ಬೇರೆ ಬಟನ್ ಒತ್ತಿ ಕ್ಲಾಸಿನಿಂದಲೇ ಹೊರಗೆ ಬರುತ್ತದೆ. ಮತ್ತೆ ಒಳಗೆ ಹೋಗಲು ಲಿಂಕ್ ಬೇಕು. ಲಿಂಕ್ ಇರುವುದು ಅಮ್ಮನ ಫೋನಿನಲ್ಲಿ. ಅಮ್ಮ ಪಕ್ಕದ ಕೋಣೆಯಲ್ಲಿ ಆಫೀಸಿನ ಕಾಲ್‌ನಲ್ಲಿದ್ದಾರೆ. ಈ ವಯಸ್ಸಿನಲ್ಲಿ ಆನ್‌ಲೈನ್ ಕ್ಲಾಸಿಗೂ ಪಕ್ಕದಲ್ಲಿ ಒಬ್ಬರು ದೊಡ್ಡವರು ಬೇಕೇ ಬೇಕು. ಅದೂ ಟೀಚರ್ ಹೇಳಿದ ಹೊತ್ತಿಗೇ ಬೇಕು. ಹಾಗಾಗಿ ನೌಕರಿ ಮಾಡುವವರಿಗೆ ಮನೆಪಾಠಕ್ಕಿಂತ ಇದೇ ಹೆಚ್ಚು ಕಷ್ಟ.

ಇವೆರಡರ ಜೊತೆ ಮೂರನೆಯದು ಮಗುವನ್ನು ನೋಡಿಕೊಳ್ಳುವುದು. ಊಟ, ಸ್ನಾನ, ಹಟ, ಬೇಜಾರು, ಬಿದ್ದು ತರಚಿಕೊಂಡ ಮಂಡಿ. ಇದಕ್ಕೆ ಟೈಮ್‌ಟೇಬಲ್ ಇಲ್ಲ. ಶಾಲೆ ಎಂದರೆ ಪಾಠ ಎಂದಷ್ಟೇ ನಾವು ನೋಡುತ್ತೇವೆ. ಆದರೆ ದಿನಕ್ಕೆ ಐದಾರು ಗಂಟೆ ಮಗುವಿನ ಮೇಲೆ ಕಣ್ಣಿಟ್ಟಿರುವ ಕೆಲಸವನ್ನೂ ಶಾಲೆಯೇ ಮಾಡುತ್ತದೆ. ಮಗು ಮನೆಯಲ್ಲಿ ಕಲಿಯಲು ಶುರು ಮಾಡಿದ ದಿನ ಪಾಠದ ಜೊತೆ ಈ ಕೆಲಸವೂ ಮನೆಗೆ ಬರುತ್ತದೆ. ಅಂದಾಜು ಹಾಕುವಾಗ ತುಂಬಾ ಜನ ಮರೆಯುವುದು ಇದನ್ನೇ.

ಪಾಠಕ್ಕೆ ಎಷ್ಟು ಹೊತ್ತು ಬೇಕು?

ಪಾಠದ ಮಟ್ಟಿಗೆ ಇರುವುದು ಸಮಾಧಾನದ ಸುದ್ದಿಯೇ. 2020ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಶಿಕ್ಷಣ ಮಂಡಳಿ, ಶಾಲೆ ಮುಚ್ಚಿದ್ದರಿಂದ ಮನೆಯಲ್ಲಿ ಕಲಿಯುತ್ತಿದ್ದ ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ಸಾಕು ಎಂದು ಸೂಚಿಸಿತ್ತು. ಕಿಂಡರ್‌ಗಾರ್ಟನ್‌ಗೆ 30ರಿಂದ 90 ನಿಮಿಷ. 1 ಮತ್ತು 2ನೇ ತರಗತಿಗೆ 45ರಿಂದ 90 ನಿಮಿಷ. ಅಷ್ಟೇ.

ಶಾಲೆಗೆ ಐದಾರು ಗಂಟೆ ಬೇಕು, ಮನೆಗೆ ಒಂದೂವರೆ ಗಂಟೆ ಹೇಗೆ ಸಾಕು? ತರಗತಿಯಲ್ಲಿ ಮೂವತ್ತು ಮಕ್ಕಳು ಪುಸ್ತಕ ತೆಗೆಯುವವರೆಗೆ ಕಾಯಬೇಕು, ಸಾಲು ನಿಲ್ಲಿಸಬೇಕು, ಗಲಾಟೆ ಅಡಗಿಸಬೇಕು. ಅರ್ಥವಾದ ಮಗು ಅರ್ಥವಾಗದ ಮಗುವಿಗಾಗಿ ಸುಮ್ನೆ ಕೂರಬೇಕು. ಒಂದೇ ಮಗುವಿಗೆ ಒಬ್ಬರೇ ಹೇಳಿಕೊಡುವಾಗ ಈ ಕಾಯುವಿಕೆ ಇಲ್ಲ. ತಪ್ಪು ಆದ ಕೂಡಲೇ ಕಣ್ಣಿಗೆ ಬೀಳುತ್ತದೆ, ಅಲ್ಲೇ ತಿದ್ದಬಹುದು. ಶಾಲೆಯ ವೇಳಾಪಟ್ಟಿಯನ್ನು ಮನೆಗೆ ತಂದು ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಮಗುವನ್ನು ಕೂರಿಸುವವರು ತಮಗೂ ಮಗುವಿಗೂ ಬೇಡದ ಹಿಂಸೆ ಕೊಡುತ್ತಿದ್ದಾರೆ.

ಆದರೆ ಆ ಒಂದೂವರೆ ಗಂಟೆಗೆ ಒಂದು ಷರತ್ತು ಇದೆ. ಅದು ಪೂರ್ತಿ ಮಗುವಿಗೇ ಸೇರಿದ ಹೊತ್ತಾಗಿರಬೇಕು. ಒಂದು ಕಣ್ಣು ಲ್ಯಾಪ್‌ಟಾಪ್ ಮೇಲೆ, ಇನ್ನೊಂದು ಕಣ್ಣು ಕಾಪಿ ಪುಸ್ತಕದ ಮೇಲೆ ಇಟ್ಟರೆ ಒಂದೂವರೆ ಗಂಟೆಯ ಪಾಠ ನಾಲ್ಕು ಗಂಟೆಗೆ ಎಳೆಯುತ್ತದೆ. ಕೊನೆಗೆ ಮಗುವಿಗೆ ಪಾಠ ಎಂದರೆ ಬೈಗುಳ ಎಂಬಂತಾಗುತ್ತದೆ.

ಓದಲು ಬಾರದ ಮಗು

ವಯಸ್ಸಿನ ಪ್ರಶ್ನೆ ಇಲ್ಲಿ ತುಂಬಾ ದೊಡ್ಡದು. ಚರ್ಚೆಗಳಲ್ಲಿ ಮಾತ್ರ ಅದಕ್ಕೆ ಜಾಗ ಸಿಗುವುದು ಕಡಿಮೆ. ಹತ್ತು ವರ್ಷದ ಮಗುವಿಗೆ ಒಂದು ಚೀಟಿಯಲ್ಲಿ ಬರೆದಿಡಬಹುದು: ಈ ಎರಡು ಪುಟ ಓದು, ಮೂರನೇ ಲೆಕ್ಕ ಮಾಡು, ಆಮೇಲೆ ಚಿತ್ರ ಬಿಡಿಸು. ಐದು ವರ್ಷದ ಮಗುವಿಗೆ ಚೀಟಿ ಬರೆದು ಪ್ರಯೋಜನವಿಲ್ಲ. ಪ್ರತಿಯೊಂದು ಸೂಚನೆಯೂ ಯಾರೋ ಒಬ್ಬರ ಬಾಯಿಂದಲೇ ಬರಬೇಕು. ಒಂದು ಮುಗಿದ ಮೇಲೆ ಮುಂದಿನದು ಏನು ಎಂದು ಕೇಳಲು ಮಗು ಎದ್ದು ಬರಲೇಬೇಕು. ಮಗು ಮತ್ತೆ ಮತ್ತೆ ಕೋಣೆಗೆ ಬರುವುದಕ್ಕೆ ತುಂಟತನವೇ ಕಾರಣವಲ್ಲ. ಅದಕ್ಕೆ ಬೇರೆ ದಾರಿ ಇಲ್ಲ.

ಮಕ್ಕಳು ಓದಲು ಕಲಿಯುವ ಹಂತದಿಂದ, ಓದಿ ಕಲಿಯುವ ಹಂತಕ್ಕೆ ದಾಟುವುದು ಸಾಮಾನ್ಯವಾಗಿ ಎಂಟು, ಒಂಬತ್ತು ವರ್ಷದ ಹೊತ್ತಿಗೆ. ಈ ಗಡಿ ದಾಟಿದ ಮೇಲೆ ಮನೆಯ ಚಿತ್ರವೇ ಬದಲಾಗುತ್ತದೆ. ಮಗು ಒಂದು ಪುಸ್ತಕ ಹಿಡಿದು ಮೂಲೆಯಲ್ಲಿ ಕೂತರೆ ಅದೂ ಕಲಿಯುತ್ತದೆ, ದೊಡ್ಡವರ ಕೆಲಸವೂ ಸಾಗುತ್ತದೆ. ಹಾಗಾಗಿ ಹೊತ್ತು ಸಾಲದ ಮನೆಯಲ್ಲಿ ಏನನ್ನು ಬಿಡುವುದು, ಏನನ್ನು ಹಿಡಿಯುವುದು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಿದೆ ಎಂದು ನನಗೆ ಅನಿಸುತ್ತದೆ. ಮೊದಲ ಎರಡು ವರ್ಷ ಇರುವ ಹೊತ್ತನ್ನೆಲ್ಲ ಓದಿಗೆ ಕೊಡಬೇಕು. ಕತೆ ಓದಿ ಹೇಳುವುದು, ಅಕ್ಷರ, ಒಟ್ಟಿಗೆ ಕೂತು ಗಟ್ಟಿಯಾಗಿ ಓದುವುದು. ಜೊತೆಗೆ ಸ್ವಲ್ಪ ಎಣಿಕೆ. ವಿಜ್ಞಾನದ ಪ್ರಾಜೆಕ್ಟ್, ಬಣ್ಣಬಣ್ಣದ ಚಾರ್ಟ್ ಆಮೇಲೆ ಬಂದರೂ ನಷ್ಟವಿಲ್ಲ. ಫಿನ್ಲೆಂಡ್‌ನಲ್ಲಿ ಮಕ್ಕಳು ಒಂದನೇ ತರಗತಿ ಸೇರುವುದೇ ಏಳನೇ ವರ್ಷದಲ್ಲಿ. ಐದು ವರ್ಷಕ್ಕೆ ಎಲ್ಲ ವಿಷಯವೂ ಮುಗಿಯಬೇಕು ಎಂಬ ಅವಸರಕ್ಕೆ ಕಾರಣವಿಲ್ಲ.

ಗಂಟೆಗಳನ್ನು ಕೂಡಿಸಿ ನೋಡೋಣ

ಐದಾರು ವರ್ಷದ ಮಗು ದಿನಕ್ಕೆ ಸುಮಾರು 11 ಗಂಟೆ ಮಲಗುತ್ತದೆ ಎಂದಿಟ್ಟುಕೊಳ್ಳೋಣ. ಉಳಿದ 13 ಗಂಟೆ ಅದು ಎಚ್ಚರ. ಆ 13 ಗಂಟೆಯೂ ಮನೆಯಲ್ಲಿ ಯಾರಾದರೂ ಒಬ್ಬರ ಗಮನ ಮಗುವಿನ ಮೇಲೆ ಇರಬೇಕು. ಅಪ್ಪ ಅಮ್ಮ ಇಬ್ಬರೂ ಎಂಟೆಂಟು ಗಂಟೆ ಕೆಲಸ ಮಾಡಿದರೆ ಒಟ್ಟು 16 ಗಂಟೆ. ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ಮಗುವಿನ ಜೊತೆ ಇರುತ್ತಾರೆ ಎಂದು ಪಾಳಿ ಹಾಕಿಕೊಂಡರೂ, ಮಗು ಎಚ್ಚರವಿರುವ ಹೊತ್ತಿನಲ್ಲಿ ಹಿಡಿಸುವುದು 13 ಗಂಟೆ ಮಾತ್ರ. ಮೂರು ಗಂಟೆ ಹೊರಗೆ ಉಳಿಯಿತು.

ಈ ಮೂರು ಗಂಟೆ ಎಲ್ಲಿಗೆ ಹೋಗುತ್ತದೆ? ಒಂದೋ ಮಗು ಮಲಗಿದ ಮೇಲೆ, ಇಲ್ಲವೇ ಏಳುವ ಮೊದಲು. ಮೈಕ್ರೋಸಾಫ್ಟ್ ಸಂಶೋಧಕರು 2022ರಲ್ಲಿ ಇದನ್ನು ಅಂಕಿಅಂಶದಲ್ಲೇ ಗುರುತಿಸಿದರು. ಮೊದಲು ಕೆಲಸ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಜೋರಾಗುತ್ತಿತ್ತು. ಈಗ ಕೆಲವರ ದಿನದಲ್ಲಿ ರಾತ್ರಿ ಮಲಗುವ ಮುಂಚೆ ಮೂರನೇ ಸಲವೂ ಜೋರಾಗುತ್ತದೆ. ಗಮನಿಸಬೇಕಾದ್ದು ಏನೆಂದರೆ, ಮೇಲಿನ ಲೆಕ್ಕದಲ್ಲಿ ಅಡುಗೆ, ಬಟ್ಟೆ, ಗಂಡ ಹೆಂಡತಿ ಕೂತು ನಾಲ್ಕು ಮಾತಾಡುವುದು, ಯಾವುದನ್ನೂ ಇನ್ನೂ ಸೇರಿಸಿಲ್ಲ. ದಂಪತಿಗಳು ಸೋತುಹೋದೆವು ಎನ್ನುವಾಗ ಶಿಸ್ತು ಸಾಲದು ಎಂದು ಅವರಿಗೆ ಬುದ್ಧಿ ಹೇಳುವವರು ಈ ಕೂಡುವ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಒಬ್ಬರೇ ಮಗು ಸಾಕುತ್ತಿರುವ ಮನೆಯಲ್ಲಿ ಪಾಳಿಯ ಮಾತೇ ಇಲ್ಲ. 8 ಗಂಟೆ ಪೂರ್ತಿ ಹೊರಗೆ ಉಳಿಯುತ್ತದೆ. ಅಜ್ಜಿಯೋ ಅಜ್ಜನೋ ಸಂಬಳಕ್ಕೆ ಬರುವವರೋ ಇನ್ನೊಬ್ಬರು ದೊಡ್ಡವರು ಇಲ್ಲದೆ ಯಾವ ಟೈಮ್‌ಟೇಬಲ್ ಕೂಡ ಅದನ್ನು ತುಂಬಲಾರದು.

ಮಗುವಿನ ಕೈಗೆ ಪರದೆ ಕೊಟ್ಟರೆ ಆಯಿತಲ್ಲ ಎಂಬ ದಾರಿಯೂ ದೂರ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಎಂದಿದೆ. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ 180 ನಿಮಿಷ ಓಡಾಟ, ಆಟ ಬೇಕು ಎಂದೂ ಹೇಳಿದೆ.

ಕಂಪನಿಗಳ ಮಾತಿನಲ್ಲಿ ಹುರುಳಿದೆಯೇ?

ಇದೆ, ಆದರೆ ಅರ್ಧ. ಮನೆಯಿಂದ ಕೆಲಸದ ಬಗ್ಗೆ ಅತಿ ಹೆಚ್ಚು ಉಲ್ಲೇಖವಾಗುವ ಪ್ರಯೋಗ ನಡೆದದ್ದು ಚೀನಾದ ಸಿಟ್ರಿಪ್ ಎಂಬ ಟ್ರಾವೆಲ್ ಕಂಪನಿಯ ಕಾಲ್ ಸೆಂಟರ್‌ನಲ್ಲಿ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು 2015ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಒಂಬತ್ತು ತಿಂಗಳು ಮನೆಯಿಂದ ಕೆಲಸ ಮಾಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತ್ತು. ಮನೆಪರ ವಾದ ಮಾಡುವವರು ಈ 13ನ್ನು ಎಲ್ಲೆಡೆ ಎತ್ತಿ ತೋರಿಸುತ್ತಾರೆ.

ಅದರ ಒಳಗೆ ಹೋಗಿ ನೋಡಿದರೆ ಬೇರೆಯದೇ ವಿಷಯ ಕಾಣುತ್ತದೆ. ಹೆಚ್ಚಳದ ಬಹುಪಾಲು ಬಂದದ್ದು ಬ್ರೇಕ್ ಮತ್ತು ರಜೆ ಕಡಿಮೆಯಾಗಿ ಜಾಸ್ತಿ ನಿಮಿಷ ಕೆಲಸ ಮಾಡಿದ್ದರಿಂದ. ಉಳಿದದ್ದು ಆಫೀಸಿಗಿಂತ ಮನೆ ನಿಶ್ಶಬ್ದವಾಗಿತ್ತು ಎಂಬ ಕಾರಣದಿಂದ. ಪ್ರಯೋಗಕ್ಕೆ ಸೇರಲು ಮನೆಯಲ್ಲಿ ಕೆಲಸಕ್ಕೆ ಪ್ರತ್ಯೇಕ ಕೋಣೆ ಇರಬೇಕು ಎಂಬ ಷರತ್ತೂ ಇತ್ತು. ಅಂದರೆ ಲಾಭ ತಂದದ್ದು ಬಿಡದೆ ಸಿಕ್ಕ ಹೊತ್ತು ಮತ್ತು ನಿಶ್ಶಬ್ದ. ಐದು ವರ್ಷದ ಮಗುವಿಗೆ ಪಾಠ ನಡೆಯುವ ಮನೆಯಲ್ಲಿ ಇಲ್ಲದಿರುವುದು ಇವೆರಡೇ. ಹಾಗಾಗಿ ಆ ಶೇ. 13ನ್ನು ಇಂಥ ಮನೆಗೆ ಹೊಂದಿಸಲು ಬರುವುದಿಲ್ಲ. ಅಮೆರಿಕದ ಸರ್ಕಾರಿ ನೌಕರರ ಮಾರ್ಗಸೂಚಿಯಲ್ಲೂ ಅನೇಕ ಕಂಪನಿಗಳ ಕರಾರಿನಲ್ಲೂ ಮಗು ನೋಡಿಕೊಳ್ಳಲು ಬೇರೆ ಏರ್ಪಾಡು ಇರಬೇಕು ಎಂದು ಬರೆದಿರುವುದಕ್ಕೆ ಕಾರಣ ಇದೇ.

ಆದರೆ ಅಲ್ಲಿಂದ ಐದೂ ದಿನ ಆಫೀಸಿಗೆ ಬನ್ನಿ ಎಂಬಲ್ಲಿಗೆ ಜಿಗಿಯುವುದಕ್ಕೆ ಆಧಾರವಿಲ್ಲ. ಅದೇ ಕಂಪನಿ ಈಗ ಟ್ರಿಪ್ ಡಾಟ್ ಕಾಮ್. ಅಲ್ಲಿನ 1,612 ನೌಕರರ ಮೇಲೆ ನಡೆದ ಇನ್ನೊಂದು ಪ್ರಯೋಗ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರ ಕೆಲಸದ ಗುಣಮಟ್ಟವಾಗಲಿ ಬಡ್ತಿಯಾಗಲಿ ಕುಗ್ಗಲಿಲ್ಲ. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದು ಭಾಗ ಇಳಿಯಿತು. ಮೊದಲ ಪ್ರಯೋಗದಲ್ಲಿ, ವಾರಕ್ಕೆ ನಾಲ್ಕು ದಿನ ಮನೆಯಲ್ಲೇ ಇದ್ದವರಿಗೆ, ಅಷ್ಟೇ ಚೆನ್ನಾಗಿ ಕೆಲಸ ಮಾಡಿದ್ದರೂ ಬಡ್ತಿ ಸಿಗುವ ಸಾಧ್ಯತೆ ಕಡಿಮೆಯಾಗಿತ್ತು. ಕಣ್ಣಿಗೆ ಬೀಳದವರು ಮರೆತುಹೋಗುತ್ತಾರೆ. ಮನೆಪಾಠಕ್ಕಾಗಿ ಪೂರ್ತಿ ಮನೆಯಲ್ಲೇ ಉಳಿಯುವವರು ಈ ಬೆಲೆಯನ್ನು ಮೊದಲೇ ತಿಳಿದಿರಬೇಕು.

ಹರಿದುಹೋಗುವ ಗಮನ, ಅದೂ ಯಾರದು?

ಮಗು ಬಂದು ಒಂದು ನಿಮಿಷ ಮಾತಾಡಿಸಿ ಹೋದರೆ ನಷ್ಟ ಒಂದೇ ನಿಮಿಷವಲ್ಲ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ತಿರುಗಿದಾಗ ಮನಸ್ಸಿನ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಎರಡೂ ಕಡೆಗೂ ಇದು ಅನ್ವಯಿಸುತ್ತದೆ. ವರದಿ ಬರೆಯುವಾಗ ಮಗುವಿನ ಅಳು ತಲೆಯಲ್ಲಿರುತ್ತದೆ, ಮಗುವಿಗೆ ಅಕ್ಷರ ತಿದ್ದಿಸುವಾಗ ಮುಗಿಯದ ವರದಿ ತಲೆಯಲ್ಲಿರುತ್ತದೆ. ಮಗುವಿಗೂ ಇದು ಗೊತ್ತಾಗುತ್ತದೆ. ಅಮ್ಮ ಎದುರಿಗೇ ಇದ್ದಾರೆ, ಆದರೆ ಸಿಗುತ್ತಿಲ್ಲ.

ಅಮ್ಮ ಎಂದು ಬರೆದದ್ದು ಬೇಕೆಂದೇ. 2020ರಲ್ಲಿ ಇಂಗ್ಲೆಂಡಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಸಂಶೋಧಕರು ಮಕ್ಕಳಿರುವ ಮನೆಗಳನ್ನು ಅಧ್ಯಯನ ಮಾಡಿದರು. ಅಮ್ಮಂದಿರ ಸಂಬಳದ ಕೆಲಸದ ಗಂಟೆಗಳಲ್ಲಿ ಶೇ. 47ರಷ್ಟು ಹೊತ್ತು ಮಗು ನೋಡಿಕೊಳ್ಳುವಂಥ ಬೇರೆ ಕೆಲಸದ ಜೊತೆ ಹಂಚಿಹೋಗಿತ್ತು. ಅಪ್ಪಂದಿರಲ್ಲಿ ಅದು ಶೇ. 30. ಇಬ್ಬರೂ ಮನೆಯಲ್ಲೇ ಇದ್ದರೂ ಮಗು ಬಾಗಿಲು ತಟ್ಟುವುದು ಹೆಚ್ಚಾಗಿ ಒಂದೇ ಕೋಣೆಗೆ. ಪಾಳಿಯನ್ನು ಬರೆದು ಗೋಡೆಗೆ ಅಂಟಿಸದೆ, ನೋಡಿಕೊಂಡು ಮಾಡೋಣ ಎಂದು ಬಿಟ್ಟರೆ ಅದು ಅಮ್ಮನ ಪಾಳಿಯಾಗಿಯೇ ಮುಗಿಯುತ್ತದೆ. ಇದನ್ನು ಮನೆಯೊಳಗಿನ ಸಣ್ಣ ವಿಷಯ ಎಂದು ತಳ್ಳಿಹಾಕಬಾರದು. ಮುಂದೆ ಯಾರಿಗೆ ಬಡ್ತಿ, ಯಾರಿಗೆ ರಾಜೀನಾಮೆ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

ಗಂಟೆ ಯಾರ ಕೈಯಲ್ಲಿದೆ?

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಸಂಶೋಧನೆ ಇಲ್ಲಿ ದಾರಿ ತೋರಿಸುತ್ತದೆ. ಕೆಲವು ನೌಕರಿಗಳು ಕರೆದಾಗಲೆಲ್ಲ ಸಿಗುವವರಿಗೆ, ಹೆಚ್ಚು ಹೊತ್ತು ಕೂರುವವರಿಗೆ ಲೆಕ್ಕ ಮೀರಿ ಜಾಸ್ತಿ ಸಂಬಳ ಕೊಡುತ್ತವೆ. ಅವರು ಇವನ್ನು ದುರಾಸೆಯ ಕೆಲಸಗಳು ಎನ್ನುತ್ತಾರೆ. ಇದಕ್ಕೆ ಎದುರಾಗಿ ಅವರೂ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಲಾರೆನ್ಸ್ ಕಾಟ್ಜ್ ಅವರೂ ಅಮೆರಿಕದ ಔಷಧ ಅಂಗಡಿಗಳ ಫಾರ್ಮಸಿಸ್ಟ್‌ಗಳನ್ನು ತೋರಿಸಿದರು. ಅಲ್ಲಿ ಅರೆವೇಳೆ ಕೆಲಸ ಮಾಡಿದರೂ ಗಂಟೆಯ ಸಂಬಳ ಹೆಚ್ಚು ಕುಗ್ಗುವುದಿಲ್ಲ. ರೋಗಿಯ ವಿವರವೆಲ್ಲ ಕಂಪ್ಯೂಟರಿನಲ್ಲಿ ಇರುವುದರಿಂದ ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತು ಕೆಲಸ ಮುಂದುವರಿಸಬಹುದು.

ಗಮನಿಸಿ, ಫಾರ್ಮಸಿಸ್ಟ್ ಮನೆಯಿಂದ ಕೆಲಸ ಮಾಡುವುದಿಲ್ಲ. ಆದರೂ ಮಗುವಿಗೆ ಬೆಳಿಗ್ಗೆ ಎರಡು ಗಂಟೆ ಎತ್ತಿಡುವುದು ಅವರಿಗೆ ಸುಲಭ. ಏಕೆಂದರೆ ಪಾಳಿ ಬದಲಿಸಿಕೊಳ್ಳಬಹುದು. ಇನ್ನೊಂದು ಕಡೆ, ದಿನಕ್ಕೆ ಆರು ಮೀಟಿಂಗ್ ಇರುವವರು ಪೂರ್ತಿ ಮನೆಯಲ್ಲೇ ಇದ್ದರೂ ಮಗುವಿಗೆ ಹತ್ತು ನಿಮಿಷ ಸಿಗುವುದಿಲ್ಲ. ಅನುವಾದ, ಕೋಡಿಂಗ್, ಲೆಕ್ಕಪತ್ರದಂಥ ಕೆಲಸವನ್ನು ಇಂಥ ದಿನದೊಳಗೆ ಮುಗಿಸಿಕೊಡಿ ಎಂಬ ಮಾತಿನ ಮೇಲೆ ಮಾಡುವವರು ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಪಾಠಕ್ಕೆ ಎತ್ತಿಟ್ಟು, ಆಮೇಲೆ ಲ್ಯಾಪ್‌ಟಾಪ್ ತೆರೆಯಬಹುದು. ಫೋನ್ ಎತ್ತುವುದೇ ಕೆಲಸವಾದವರಿಗೆ ಆ ಆಯ್ಕೆ ಇಲ್ಲ.

ಕಾನೂನುಗಳು ಈ ವ್ಯತ್ಯಾಸವನ್ನು ಇನ್ನೂ ಪೂರ್ತಿ ಹಿಡಿದಿಲ್ಲ. ಪೋರ್ಚುಗಲ್ 2021ರಲ್ಲಿ ಎಂಟು ವರ್ಷದವರೆಗಿನ ಮಕ್ಕಳಿರುವವರಿಗೆ, ಕೆಲವು ಷರತ್ತುಗಳ ಮೇಲೆ, ಮನೆಯಿಂದ ಕೆಲಸ ಮಾಡುವ ಹಕ್ಕು ಕೊಟ್ಟಿತು. ಅದು ಜಾಗದ ಹಕ್ಕು, ಗಂಟೆಗಳ ಹಕ್ಕಲ್ಲ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ಅದೇ ವಯಸ್ಸಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ವೇಳೆ ಬದಲಿಸಿಕೊಡಿ ಎಂದು ಕೇಳುವ ಹಕ್ಕು ಕೊಡುತ್ತದೆ. ಬ್ರಿಟನ್ನಿನದೂ ಕೇಳುವ ಹಕ್ಕೇ. ಕಾರಣ ಕೊಟ್ಟು ಇಲ್ಲ ಎನ್ನುವ ಅವಕಾಶ ಕಂಪನಿಗೆ ಇದ್ದೇ ಇದೆ.

ಮನೆಪಾಠದ ಕಾನೂನು ಬೇರೆಯೇ ದಿಕ್ಕಿನಲ್ಲಿ ಸಾಗುತ್ತಿದೆ. ಅಮೆರಿಕದ 50 ರಾಜ್ಯಗಳಲ್ಲೂ ಅದಕ್ಕೆ ಅವಕಾಶವಿದೆ. ಜರ್ಮನಿಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಫ್ರಾನ್ಸ್‌ನಲ್ಲಿ ಮೊದಲು ತಿಳಿಸಿದರೆ ಸಾಕಿತ್ತು, 2021ರ ಕಾನೂನಿನ ನಂತರ ಅನುಮತಿ ಬೇಕು. ಮಗು ಒಂಟಿಯಾಗಬಾರದು, ಕಲಿಕೆ ಹಿಂದೆ ಬೀಳಬಾರದು ಎಂಬ ಕಾಳಜಿ ಇದರ ಹಿಂದಿದೆ. ಆ ಕಾಳಜಿ ಸುಳ್ಳಲ್ಲ. ಅಪ್ಪ ಅಮ್ಮ ಇಬ್ಬರೂ ದಿನವಿಡೀ ಕಾಲ್‌ನಲ್ಲಿರುವ ಮನೆಯಲ್ಲಿ ಮಗುವಿಗೆ ಬೇರೆ ಮಕ್ಕಳ ಜೊತೆ ಆಡಲು ಕರೆದುಕೊಂಡು ಹೋಗುವವರೇ ಇರುವುದಿಲ್ಲ.

ಮುಂದೆ ಏನಾಗಬಹುದು?

ಐದು ದಿನ ಆಫೀಸ್ ಎಂಬ ನಿಯಮ ಹರಡುತ್ತಾ ಹೋದರೆ ಮನೆಪಾಠ ಆರಿಸಿಕೊಂಡ ಕುಟುಂಬಗಳ ಮುಂದೆ ಎರಡೇ ದಾರಿ ಉಳಿಯುತ್ತವೆ. ಮಗುವನ್ನು ಶಾಲೆಗೆ ಕಳಿಸುವುದು, ಇಲ್ಲವೇ ಒಬ್ಬರು ಕೆಲಸ ಬಿಡುವುದು. ಬಿಡುವವರು ಸಾಮಾನ್ಯವಾಗಿ ಕಡಿಮೆ ಸಂಬಳದವರು. ಸಂಬಳ ಕಡಿಮೆ ಇರುವುದು ಹೆಚ್ಚಾಗಿ ಹೆಂಡತಿಗೆ. ಮನೆಯಿಂದ ಕೆಲಸಕ್ಕೆ ಅವಕಾಶವಿದ್ದು ಗಂಟೆಗಳು ಮಾತ್ರ ಬಿಗಿಯಾಗಿಯೇ ಉಳಿದರೆ ರಾತ್ರಿ ಹನ್ನೊಂದರ ಕೆಲಸ ಮಾಮೂಲಿಯಾಗುತ್ತದೆ. ಕೆಲವು ತಿಂಗಳು ಅದು ನಡೆಯುತ್ತದೆ. ಆಮೇಲೆ ನಿದ್ದೆ ಇಲ್ಲದ ತಾಳ್ಮೆಗೆಟ್ಟ ಅಪ್ಪ ಅಮ್ಮ, ಕೊನೆಗೆ ಅದೇ ರಾಜೀನಾಮೆ.

ಆದರೆ ಈ ಕಷ್ಟಕ್ಕೆ ಒಂದು ಕೊನೆ ಇದೆ ಎಂಬುದನ್ನು ಕಂಪನಿಗಳು ಲೆಕ್ಕಕ್ಕೆ ತಂದುಕೊಂಡಂತಿಲ್ಲ. ಐದು ವರ್ಷದ ಮಗು ಎಂಟಕ್ಕೆ ಬಂದು ತಾನೇ ಓದತೊಡಗಿದರೆ ಗಂಟೆಗಳ ಲೆಕ್ಕ ತುಂಬಾ ಹಗುರವಾಗುತ್ತದೆ. ಅಂದರೆ ಬೇಕಿರುವುದು ಮೂರು ನಾಲ್ಕು ವರ್ಷದ ಏರ್ಪಾಡು: ಬೆಳಿಗ್ಗೆ ಹತ್ತಕ್ಕೆ ಮೊದಲು ಮೀಟಿಂಗ್ ಇಡದಿರುವುದು, ಆರು ಗಂಟೆ ಕೆಲಸಕ್ಕೆ ಆರು ಗಂಟೆಯ ಸಂಬಳ, ಮತ್ತೆ ಎಂಟು ಗಂಟೆಯ ಕೆಲಸಕ್ಕೆ ಮರಳುವಾಗ ಅದೇ ಹುದ್ದೆ. ನುರಿತ ನೌಕರರನ್ನು ಕಳೆದುಕೊಂಡು ಹೊಸಬರನ್ನು ಹುಡುಕಿ ತರಬೇತಿ ಕೊಡುವ ಖರ್ಚಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಈಗಿನ ಕರಾರುಗಳಲ್ಲಿ ವಾರಕ್ಕೆ ಎಷ್ಟು ದಿನ ಆಫೀಸು ಎಂದು ಬರೆದಿರುತ್ತದೆ, ದಿನದ ಯಾವ ಗಂಟೆ ನೌಕರರದು ಎಂದು ಬರೆದಿರುವುದಿಲ್ಲ. ಮನೆಪಾಠಕ್ಕೆ ಇಳಿಯುವ ಮೊದಲು ಮ್ಯಾನೇಜರ್ ಬಳಿ ಕೂತು ಲಿಖಿತವಾಗಿ ಪಡೆಯಬೇಕಾದದ್ದು ಆ ಎರಡನೆಯದನ್ನು.